ಏಟು ತಿನ್ನುವುದೂ ಡ್ಯೂಟಿಯೇ? ಸೆಕ್ಯುರಿಟಿ ಗಾರ್ಡ್‌ಗಳ ಮೇಲಿನ ಹಿಂಸೆ ಮತ್ತು ಅವರ ಮನಸ್ಸಿನ ಆರೋಗ್ಯ

ಸೆಕ್ಯುರಿಟಿ ಗಾರ್ಡ್ ಒಬ್ಬರಿಗೆ ಯಾರೋ ಕಪಾಳಕ್ಕೆ ಹೊಡೆದರಂತೆ ಎಂಬ ಸುದ್ದಿ ಬಂದಾಗ ಬಹಳ ಜನರ ಬಾಯಲ್ಲಿ ಬರುವ ಮಾತು, "ಅದಕ್ಕೇ ತಾನೆ ಅವರನ್ನ ಅಲ್ಲಿ ನಿಲ್ಲಿಸಿರೋದು?" ನರ್ಸ್ ಏಟು ತಿಂದರೆ ನಾವು ಹೀಗೆ ಹೇಳುವುದಿಲ್ಲ. ಶಿಕ್ಷಕರು ತಿಂದರಂತೂ ಖಂಡಿತ ಹೇಳುವುದಿಲ್ಲ. ಗಾರ್ಡ್ ವಿಷಯದಲ್ಲಿ ಮಾತ್ರ ಏಟು ಸಂಬಳದ ಜೊತೆಗೇ ಬಂದದ್ದು ಎಂದುಕೊಂಡುಬಿಟ್ಟಿದ್ದೇವೆ. ಅದಕ್ಕಿಂತ ಕೆಟ್ಟದ್ದೆಂದರೆ ಎಷ್ಟೋ ಗಾರ್ಡ್‌ಗಳೂ ಹಾಗೇ ಅಂದುಕೊಂಡಿದ್ದಾರೆ. ಹೀಗಾಗಿ ಮೈಗೆ ಬಿದ್ದ ಏಟು ರಿಜಿಸ್ಟರ್‌ಗೆ ಹತ್ತುವುದು ಅಪರೂಪ. ಮನಸ್ಸಿಗೆ ಬಿದ್ದದ್ದಕ್ಕೆ ರಿಜಿಸ್ಟರ್‌ನಲ್ಲಿ ಕಾಲಂ ಕೂಡ ಇರುವುದಿಲ್ಲ.

ಇದು ಸಣ್ಣ ಗುಂಪಿನ ಕಥೆಯಲ್ಲ. ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆ 2011ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಖಾಸಗಿ ಭದ್ರತಾ ಸಿಬ್ಬಂದಿ 1.95 ಕೋಟಿಯಿಂದ 2.55 ಕೋಟಿಯಷ್ಟಿದ್ದರು. ಹಲವು ದೇಶಗಳಲ್ಲಿ ಅವರ ಸಂಖ್ಯೆ ಪೊಲೀಸರಿಗಿಂತ ಹೆಚ್ಚು. ಆದರೆ ಪೊಲೀಸರ ಒತ್ತಡದ ಬಗ್ಗೆ ನಡೆದಿರುವ ಸಂಶೋಧನೆಯ ಪಕ್ಕದಲ್ಲಿ ಗಾರ್ಡ್‌ಗಳ ಬಗ್ಗೆ ನಡೆದಿರುವುದು ಬೆರಳೆಣಿಕೆಯಷ್ಟು.

ಆ ಬೆರಳೆಣಿಕೆಯ ಅಧ್ಯಯನಗಳನ್ನೂ, ಒತ್ತಡದ ಬಗ್ಗೆ ಮನೋವಿಜ್ಞಾನಕ್ಕೆ ಗೊತ್ತಿರುವುದನ್ನೂ ಸೇರಿಸಿ ಓದಿದರೆ ನನಗೆ ಕಾಣುವುದು ಇಷ್ಟು: ಗಾರ್ಡ್‌ಗಳನ್ನು ಹೈರಾಣು ಮಾಡುವುದು ಎಂದೋ ಒಮ್ಮೆ ನಡೆಯುವ ದೊಡ್ಡ ದಾಳಿಯೊಂದೇ ಅಲ್ಲ, ಅವರನ್ನು ನಿಲ್ಲಿಸಿರುವ ಜಾಗವೇ ಹಾಗಿದೆ. ಹೊಣೆ ದೊಡ್ಡದು, ಅಧಿಕಾರ ಚಿಕ್ಕದು, ಏನಾದರೂ ಆದರೆ "ಇವರು ನಮ್ಮವರು" ಎನ್ನುವವರು ಯಾರೂ ಇಲ್ಲ.

ಹಿಂಸೆ ಎಂದರೆ ಯಾವುದು

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರ ಜೂನ್‌ನಲ್ಲಿ ಅಂಗೀಕರಿಸಿದ 190ನೇ ಒಡಂಬಡಿಕೆ ಕೆಲಸದ ಜಗತ್ತಿನ ಹಿಂಸೆ ಮತ್ತು ಕಿರುಕುಳದ ಬಗ್ಗೆ ಬಂದ ಮೊದಲ ಜಾಗತಿಕ ಒಪ್ಪಂದ. ಜಾರಿಗೆ ಬಂದದ್ದು 2021ರ ಜೂನ್ 25ರಂದು. ದೇಹಕ್ಕೆ, ಮನಸ್ಸಿಗೆ, ಲೈಂಗಿಕವಾಗಿ ಅಥವಾ ಆರ್ಥಿಕವಾಗಿ ಹಾನಿ ಮಾಡುವ, ಮಾಡಬಹುದಾದ ನಡವಳಿಕೆ ಮತ್ತು ಅಂಥದ್ದರ ಬೆದರಿಕೆ, ಒಮ್ಮೆಯೇ ನಡೆದಿರಲಿ ಪದೇ ಪದೇ ನಡೆಯಲಿ, ಎಲ್ಲವೂ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಗಾರ್ಡ್‌ಗಳ ಮಟ್ಟಿಗೆ ಎರಡು ಸಂಗತಿ ಮುಖ್ಯ. ಒಂದು, ನೌಕರಿ ಕಾಯಮ್ಮೋ ಗುತ್ತಿಗೆಯೋ ಎಂಬುದನ್ನು ನೋಡದೆ ಎಲ್ಲ ದುಡಿಯುವವರಿಗೂ ಅದು ಅನ್ವಯಿಸುತ್ತದೆ. ಇನ್ನೊಂದು, ಮಾಲೀಕರು ಮತ್ತು ಸಹೋದ್ಯೋಗಿಗಳು ಮಾಡುವ ಹಿಂಸೆಯಷ್ಟೇ ಅಲ್ಲದೆ ಗಿರಾಕಿಗಳಂಥ ಹೊರಗಿನವರು ಮಾಡುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಕೆಲಸದ ಜಾಗದ ಹಿಂಸೆಯನ್ನು ತಜ್ಞರು ಸಾಮಾನ್ಯವಾಗಿ ನಾಲ್ಕು ಬಗೆಯಾಗಿ ನೋಡುತ್ತಾರೆ: ಕಳವು ದರೋಡೆಗೆ ಬಂದವರು ಮಾಡುವುದು, ಸೇವೆ ಪಡೆಯಲು ಬಂದ ಗಿರಾಕಿ, ರೋಗಿಯ ಕಡೆಯವರು, ಸಂದರ್ಶಕರು ಮಾಡುವುದು, ಜೊತೆಗೆ ಕೆಲಸ ಮಾಡುವವರು, ಮೇಲಿನವರು ಮಾಡುವುದು, ಮನೆಯ ಜಗಳ ಕೆಲಸದ ಜಾಗಕ್ಕೆ ಬೆನ್ನಟ್ಟಿ ಬರುವುದು. ಬ್ಯಾಂಕ್ ಕ್ಯಾಷಿಯರ್‌ಗೆ ಮೊದಲನೆಯದರ ಭಯ, ನರ್ಸ್‌ಗೆ ಎರಡನೆಯದರ ಭಯ. ಗಾರ್ಡ್‌ಗೆ ನಾಲ್ಕೂ. ಕಳ್ಳ ಮೊದಲು ಎದುರಾಗುವುದು ಅವರಿಗೇ, ಸಿಟ್ಟಾದ ಗಿರಾಕಿಯನ್ನು ಹೊರಗೆ ಕಳಿಸಬೇಕಾದವರೂ ಅವರೇ. ಸೂಪರ್‌ವೈಸರ್ ಎಲ್ಲರ ಮುಂದೆ ಬೈಯುವುದೂ ಅವರನ್ನೇ. ಮತ್ತೊಬ್ಬ ಉದ್ಯೋಗಿಯ ಗಂಡ ಕುಡಿದು ಗೇಟಿಗೆ ಬಂದು ಗಲಾಟೆ ಮಾಡಿದರೆ ನಡುವೆ ನಿಲ್ಲಬೇಕಾದವರೂ ಅವರೇ. ಮಹಿಳಾ ಗಾರ್ಡ್‌ಗಳಿಗೆ ಇದರ ಮೇಲೆ ಲೈಂಗಿಕ ಕಿರುಕುಳ ಬೇರೆ. ಅದು ಗೇಟಿನ ಹೊರಗಿನಿಂದಲೂ ಬರುತ್ತದೆ, ಒಳಗಿನಿಂದಲೂ ಬರುತ್ತದೆ.

ಲೆಕ್ಕ ಹೇಳುವುದಾದರೆ, ಫಿನ್‌ಲೆಂಡ್‌ನಲ್ಲಿ ಸುಮಾರು ಸಾವಿರ ಗಾರ್ಡ್‌ಗಳನ್ನು ಕೇಳಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39% ಜನ ತಿಂಗಳಿಗೊಮ್ಮೆಯಾದರೂ ಬೈಗುಳ ಕೇಳುತ್ತಿದ್ದರು, 19% ಜನರಿಗೆ ಹಲ್ಲೆಯ ಬೆದರಿಕೆ ಬರುತ್ತಿತ್ತು, 15% ಜನರ ಮೈಮೇಲೆ ಕೈ ಬೀಳುತ್ತಿತ್ತು. ಚಿಕ್ಕ ವಯಸ್ಸಿನವರು, ಅನುಭವ ಕಡಿಮೆ ಇರುವವರು, ತಡರಾತ್ರಿ ಕೆಲಸ ಮಾಡುವವರು ಹೆಚ್ಚು ಅಪಾಯದಲ್ಲಿದ್ದರು. ಬ್ರಿಟನ್ನಿನಲ್ಲಿ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಸಂಶೋಧಕರು 750 ಭದ್ರತಾ ಸಿಬ್ಬಂದಿಯನ್ನು ಕೇಳಿ 2020ರಲ್ಲಿ ಹೊರತಂದ ವರದಿಯಲ್ಲಿ ಸುಮಾರು 65% ಜನ ತಿಂಗಳಿಗೊಮ್ಮೆಯಾದರೂ ಬೈಗುಳಕ್ಕೆ ಗುರಿಯಾಗುತ್ತಿದ್ದರು. ಅದಕ್ಕಿಂತ ಗಾಬರಿ ಹುಟ್ಟಿಸುವ ಸಂಖ್ಯೆ ಇನ್ನೊಂದಿದೆ: ಉತ್ತರಿಸಿದವರಲ್ಲಿ ಸುಮಾರು 40% ಜನರಲ್ಲಿ ಆಘಾತೋತ್ತರ ಒತ್ತಡದ, ಅಂದರೆ ಪಿಟಿಎಸ್‌ಡಿಯ ಲಕ್ಷಣಗಳಿದ್ದವು. ಪ್ರಶ್ನಾವಳಿಯಲ್ಲಿ ಲಕ್ಷಣ ಕಂಡದ್ದಕ್ಕೂ ವೈದ್ಯರು ಕಾಯಿಲೆ ಎಂದು ಖಚಿತಪಡಿಸುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಮರೆಯಬಾರದು. ಅಷ್ಟನ್ನು ಕಳೆದು ನೋಡಿದರೂ ಇದು ಸಣ್ಣ ಸಂಖ್ಯೆಯಲ್ಲ.

ಬೇರೆಯವರ "ಇಲ್ಲ"ವನ್ನು ಹೇಳುವ ಬಾಯಿ

ಜಗಳ ಎಲ್ಲಿ ಹೊತ್ತಿಕೊಳ್ಳುತ್ತದೆ ಎಂದು ನೋಡಿ. ಬಹುತೇಕ ಸಲ ಗಾರ್ಡ್ ಒಂದು "ಇಲ್ಲ" ಹೇಳಿದಾಗ. ಈಗ ಒಳಗೆ ಬಿಡೋ ಹಾಗಿಲ್ಲ, ಗಾಡಿ ಇಲ್ಲಿ ನಿಲ್ಲಿಸೋ ಹಾಗಿಲ್ಲ, ಬ್ಯಾಗ್ ತೋರಿಸಿ, ಗುರುತಿನ ಚೀಟಿ ಎಲ್ಲಿ, ಒಬ್ಬರೇ ಒಳಗೆ ಹೋಗಬೇಕು. ಈ ನಿಯಮಗಳಲ್ಲಿ ಒಂದನ್ನೂ ಗಾರ್ಡ್ ಮಾಡಿದ್ದಲ್ಲ. ಮಾಡಿದವರು ಮೇಲಿನ ಮಹಡಿಯಲ್ಲಿ ಕೂತಿರುತ್ತಾರೆ, ಅವರ ಮುಖ ಯಾರಿಗೂ ಕಾಣದು. ಕಾಣುವ ಮುಖ ಒಂದೇ, ಅದು ಸಮವಸ್ತ್ರ ತೊಟ್ಟು ಬಾಗಿಲಲ್ಲಿ ನಿಂತಿದೆ.

ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲನ್ನೇ ತೆಗೆದುಕೊಳ್ಳಿ. ಒಳಗೆ ತಂದೆ ಏದುಸಿರು ಬಿಡುತ್ತಿದ್ದಾರೆ, ಹೊರಗೆ ಮಗ ನಿಂತಿದ್ದಾನೆ. ಗಂಟೆ ಕಳೆದರೂ ಒಳಗಿಂದ ಯಾರೂ ಬಂದು ಒಂದು ಮಾತು ಹೇಳಿಲ್ಲ. ಆತನ ಭಯವೆಲ್ಲ ಸಿಟ್ಟಾಗಿ ತಿರುಗುವ ಹೊತ್ತಿಗೆ ಎದುರಿಗಿರುವುದು ವೈದ್ಯರಲ್ಲ, ಗಾರ್ಡ್. ಮಾಹಿತಿ ಕೊಡುವ ಅಧಿಕಾರ ಅವರಿಗಿಲ್ಲ, ಒಳಗೆ ಬಿಡುವ ಅಧಿಕಾರವೂ ಇಲ್ಲ. ತಡೆಯುವ ಹೊಣೆ ಮಾತ್ರ ಇದೆ. ಬಿಟ್ಟರೆ ಒಳಗಿನವರು ಬೈಯುತ್ತಾರೆ, ಬಿಡದಿದ್ದರೆ ಹೊರಗಿನವರು ಹೊಡೆಯುತ್ತಾರೆ.

ಅಮೆರಿಕದ ಸಂಶೋಧಕ ರಾಬರ್ಟ್ ಕಾರಾಸೆಕ್ 1979ರಲ್ಲಿ ಕೆಲಸದ ಒತ್ತಡಕ್ಕೆ ಒಂದು ಸರಳ ಸೂತ್ರ ಕೊಟ್ಟರು: ಕೆಲಸ ಕೇಳುವುದು ಹೆಚ್ಚು, ಅದರ ಮೇಲೆ ನಮಗಿರುವ ಹಿಡಿತ ಕಡಿಮೆ ಎಂದಾದಾಗ ಮನುಷ್ಯ ಕುಸಿಯುತ್ತಾನೆ. ಜರ್ಮನಿಯ ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಅದಕ್ಕೆ ಇನ್ನೊಂದು ಮುಖ ಸೇರಿಸಿದರು. ಹಾಕುವ ಶ್ರಮಕ್ಕೂ ಸಿಗುವ ಸಂಬಳ, ಮರ್ಯಾದೆ, ಕೆಲಸದ ಭದ್ರತೆಗೂ ತಾಳೆಯಾಗದಿದ್ದಾಗ ದೇಹ ಮನಸ್ಸು ಎರಡೂ ಕೆಡುತ್ತವೆ ಎಂಬುದು ಅವರ ಮಾತು. ಖಿನ್ನತೆಗೂ ಹೃದಯದ ಕಾಯಿಲೆಗೂ ಈ ಎರಡು ಸ್ಥಿತಿಗಳ ನಂಟನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಇಬ್ಬರೂ ಗಾರ್ಡ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವರಲ್ಲ, ಆದರೆ ಎರಡೂ ಸೂತ್ರ ಒಟ್ಟಿಗೆ ಇಷ್ಟು ಚೆನ್ನಾಗಿ ಹೊಂದುವ ಇನ್ನೊಂದು ಕೆಲಸವನ್ನು ಹುಡುಕುವುದು ಕಷ್ಟ.

ಇದಕ್ಕೆ ಮುಖದ ದುಡಿಮೆಯನ್ನೂ ಸೇರಿಸಬೇಕು. ಒಳಗೆ ಕುದಿಯುತ್ತಿದ್ದರೂ ಹೊರಗೆ "ಸರ್, ದಯವಿಟ್ಟು" ಎನ್ನಬೇಕಾದ ಸ್ಥಿತಿಯನ್ನು ಸಮಾಜಶಾಸ್ತ್ರದಲ್ಲಿ ಭಾವನಾತ್ಮಕ ದುಡಿಮೆ ಎನ್ನುತ್ತಾರೆ. ವಿಮಾನದ ಪರಿಚಾರಕಿ ನಗುಮುಖ ಹೊತ್ತು ಓಡಾಡಬೇಕು, ಸಾಲ ವಸೂಲಿಗಾರ ಗಡಸು ಮುಖ ಹೊರಬೇಕು. ಗಾರ್ಡ್ ಎರಡನ್ನೂ ಹೊರಬೇಕು, ಎಷ್ಟೋ ಸಲ ಅರ್ಧ ನಿಮಿಷದ ಅಂತರದಲ್ಲಿ. ಕಾರಿನೊಳಗಿಂದ "ನಾನು ಯಾರು ಗೊತ್ತಾ?" ಎಂದವರ ಮುಂದೆ ತಗ್ಗಬೇಕು, ಅದೇ ಕ್ಷಣ ಪಕ್ಕದಲ್ಲಿ ನುಸುಳುತ್ತಿರುವವರಿಗೆ ಗದರಬೇಕು. ಹೊರಗಿನ ಮುಖಕ್ಕೂ ಒಳಗಿನ ಭಾವಕ್ಕೂ ದಿನವಿಡೀ ಅಂತರ ಕಾಯ್ದುಕೊಂಡವರು ಬೇಗ ಬಳಲುತ್ತಾರೆ. ಮನೆಗೆ ಹೋದ ಮೇಲೆ ಯಾರೊಡನೆಯೂ ಮಾತು ಬೇಡ ಎನಿಸುವುದು, ಸಣ್ಣದಕ್ಕೆಲ್ಲ ಮಕ್ಕಳ ಮೇಲೆ ರೇಗುವುದು ಇದರ ಬೆನ್ನಿಗೇ ಬರುತ್ತದೆ.

ಕೌಶಲವೋ ಲಕ್ಷಣವೋ

ಗಾರ್ಡ್‌ಗಳ ವಿಷಯದಲ್ಲಿ ಪಿಟಿಎಸ್‌ಡಿ ಪತ್ತೆಯಾಗದೆ ಉಳಿಯುವುದಕ್ಕೆ ಒಂದು ವಿಶೇಷ ಕಾರಣವಿದೆ.

ಬೆದರಿಕೆ ಎದುರಾದಾಗ ನಮ್ಮೆಲ್ಲರ ದೇಹವೂ ಒಂದೇ ಕೆಲಸ ಮಾಡುತ್ತದೆ. ಅಡ್ರಿನಲಿನ್ ನುಗ್ಗಿ ಎದೆ ಬಡಿತ ಏರುತ್ತದೆ, ಸ್ನಾಯು ಬಿಗಿಯುತ್ತದೆ, ಕಣ್ಣು ಅಪಾಯವನ್ನಷ್ಟೇ ಹುಡುಕುತ್ತದೆ. ಸ್ವಲ್ಪ ತಡವಾಗಿ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನ್ ಬಂದು ಆ ಸ್ಥಿತಿಗೆ ಬೇಕಾದ ಇಂಧನ ಒದಗಿಸುತ್ತದೆ. ಅಪಾಯ ದಾಟಿದ ಮೇಲೆ ಎಲ್ಲ ಇಳಿಯಬೇಕು. ಆದರೆ ಏಟು ಬಿದ್ದ ಜಾಗದಲ್ಲೇ ಮರುದಿನ ಮತ್ತೆ ನಿಲ್ಲಬೇಕಾದವರಿಗೆ ಅಪಾಯ ದಾಟಿತು ಎಂದು ದೇಹಕ್ಕೆ ಹೇಳುವವರು ಯಾರು? ನಾಳೆ ಅದೇ ಮನುಷ್ಯ ನಾಲ್ಕು ಜನರನ್ನು ಕರೆದುಕೊಂಡು ಬರಬಹುದು. "ನಿನ್ನನ್ನ ಹೊರಗಡೆ ನೋಡ್ಕೋತೀನಿ" ಎಂಬ ಬೆದರಿಕೆ ಡ್ಯೂಟಿ ಮುಗಿದ ಮೇಲೂ ಮುಗಿಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರ ಪ್ರಕಾರ ಪಿಟಿಎಸ್‌ಡಿಗೆ ಮೂರು ಮುಖ್ಯ ಗುರುತು: ಘಟನೆ ಈಗಲೇ ನಡೆಯುತ್ತಿದೆ ಎಂಬಂತೆ ಮರುಕಳಿಸುವುದು, ಅದನ್ನು ನೆನಪಿಸುವ ಜಾಗ, ಜನ, ಯೋಚನೆಗಳಿಂದ ತಪ್ಪಿಸಿಕೊಳ್ಳುವುದು, ಅಪಾಯ ಈಗಲೂ ಇದೆ ಎಂಬ ಬಿಡದ ಎಚ್ಚರ. ಇವು ಕೆಲವು ವಾರಗಳಾದರೂ ಉಳಿದು ದಿನನಿತ್ಯದ ಬದುಕನ್ನು ಕೆಡಿಸಬೇಕು. ಘಟನೆಯ ಮೊದಲ ದಿನಗಳಲ್ಲಿ ನಿದ್ದೆ ಕೆಡುವುದು, ಬೆಚ್ಚಿಬೀಳುವುದು ಕಾಯಿಲೆಯಲ್ಲ. ಬಹುಪಾಲು ಜನರಲ್ಲಿ ಅದು ತಾನಾಗಿ ಇಳಿಯುತ್ತದೆ.

ಈಗ ಆ ಮೂರನೆಯ ಗುರುತನ್ನು ಗಾರ್ಡ್ ಕೆಲಸದ ಪಕ್ಕದಲ್ಲಿಟ್ಟು ನೋಡಿ. ಬರುವವರ ಕೈ ಗಮನಿಸುವುದು, ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು, ಚಿಕ್ಕ ಸದ್ದಿಗೂ ತಿರುಗುವುದು, ಯಾರನ್ನೂ ನಂಬದಿರುವುದು. ವೈದ್ಯರ ಕೋಣೆಯಲ್ಲಿ ಇವು ರೋಗಲಕ್ಷಣ. ಗೇಟಿನಲ್ಲಿ ಇವೇ "ಬಹಳ ಚುರುಕಿನ ಗಾರ್ಡ್" ಎಂಬ ಹೊಗಳಿಕೆ ತರುತ್ತವೆ. ಹಲ್ಲೆಯಾದ ಮೇಲೆ ಒಬ್ಬರು ಮೊದಲಿಗಿಂತ ಬಿಗಿಯಾಗಿ, ಮೊದಲಿಗಿಂತ ಎಚ್ಚರವಾಗಿ ಕೆಲಸ ಮಾಡತೊಡಗಿದರೆ ಸೂಪರ್‌ವೈಸರ್‌ಗೆ ಖುಷಿಯೇ ಆಗುತ್ತದೆ. ಕಾಯಿಲೆ ಬೆಳೆಯುತ್ತಿರುವುದು ಯಾರಿಗೂ ಹೊಳೆಯುವುದಿಲ್ಲ, ಸ್ವತಃ ಅವರಿಗೂ. ಎರಡನೆಯ ಗುರುತಂತೂ ತಲೆಕೆಳಗಾಗುತ್ತದೆ. ಘಟನೆ ನಡೆದ ಜಾಗದಿಂದ ದೂರ ಇರಬೇಕೆನಿಸಿದರೂ ಸಂಬಳ ಅಲ್ಲೇ ನಿಲ್ಲಿಸುತ್ತದೆ. ಹೊರಗೆ ತಪ್ಪಿಸಿಕೊಳ್ಳಲಾಗದವರು ಒಳಗೇ ತಪ್ಪಿಸಿಕೊಳ್ಳುತ್ತಾರೆ: ಭಾವನೆ ಮರಗಟ್ಟುತ್ತದೆ, ಅಥವಾ ಡ್ಯೂಟಿ ಮುಗಿದೊಡನೆ ಕುಡಿತ.

ವ್ಯತ್ಯಾಸ ತಿಳಿಯಲು ಒಂದು ದಾರಿ ಇದೆ. ಆ ಎಚ್ಚರ ಸಮವಸ್ತ್ರ ಬಿಚ್ಚಿದಾಗ ಇಳಿಯುತ್ತದೆಯೇ? ರಜೆಯ ದಿನ ಬಸ್ಸಿನಲ್ಲಿ ಕೂತಾಗಲೂ ಪ್ರತಿಯೊಬ್ಬರ ಕೈ ನೋಡುತ್ತಿದ್ದರೆ, ಮನೆಯಲ್ಲಿ ಬಾಗಿಲ ಚಿಲಕವನ್ನು ನಾಲ್ಕು ಸಲ ನೋಡಿ ಬಂದರೆ, ಮಗು ಹಿಂದಿನಿಂದ ಬಂದು ಅಪ್ಪಿಕೊಂಡಾಗ ಕೈ ಎತ್ತುವಂತಾದರೆ ಅದು ಇನ್ನು ಕೌಶಲವಾಗಿ ಉಳಿದಿಲ್ಲ.

ಏಟು ತಾವೇ ತಿಂದಿರಬೇಕೆಂದೂ ಇಲ್ಲ. ಸಿಸಿಟಿವಿ ಕೋಣೆಯಲ್ಲಿ ಕೂತವರು ತಾವು ಓಡಿ ಹೋಗಿ ತಡೆಯಲಾಗದ ಹಲ್ಲೆ, ಅಪಘಾತ, ಆತ್ಮಹತ್ಯೆಗಳನ್ನು ಪರದೆಯ ಮೇಲೆ ನೋಡುತ್ತಾರೆ, ಆಮೇಲೆ ತನಿಖೆಗೆಂದು ಅದೇ ದೃಶ್ಯವನ್ನು ಹಿಂದೆ ಮುಂದೆ ಓಡಿಸಿ ಹತ್ತಾರು ಸಲ ನೋಡುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿ ಇದನ್ನು ಗುರುತಿಸಿದೆ. ಟಿವಿ, ಫೋನುಗಳಲ್ಲಿ ನೋಡಿದ್ದು ಪಿಟಿಎಸ್‌ಡಿಗೆ ಕಾರಣವೆಂದು ಅದು ಸಾಮಾನ್ಯವಾಗಿ ಒಪ್ಪುವುದಿಲ್ಲ, ಆದರೆ ಕೆಲಸದ ಭಾಗವಾಗಿ ನೋಡಬೇಕಾಗಿ ಬಂದಿದ್ದರೆ ಒಪ್ಪುತ್ತದೆ.

ಇನ್ನೊಂದು ಸಂಗತಿಯನ್ನು ಈ ವಿಷಯದ ಬರಹಗಳು ಹೆಚ್ಚಾಗಿ ಹೇಳದೆ ಬಿಡುತ್ತವೆ. ಗಾರ್ಡ್‌ಗಳು ಹಿಂಸೆಗೆ ಗುರಿಯಾಗುವಂತೆ ಹಿಂಸೆ ಮಾಡುವುದೂ ಉಂಟು. ಬಡವರನ್ನು, ಬೀದಿಯಲ್ಲಿ ಮಲಗಿದವರನ್ನು ಎಬ್ಬಿಸಿ ಓಡಿಸಿ ಎಂದು ಆಜ್ಞೆ ಬರುತ್ತದೆ. ಕೆಲವೊಮ್ಮೆ ಭಯದಲ್ಲಿ ಅಥವಾ ಸಿಟ್ಟಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಬಲ ಬಳಸಿಬಿಡುತ್ತಾರೆ. ಅದಕ್ಕೆ ಉತ್ತರ ಕೊಡಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ತನ್ನ ಮನಸ್ಸು ತಪ್ಪೆನ್ನುವುದನ್ನು ಮಾಡಿದವರಿಗೆ, ಮಾಡಬೇಕಾಗಿ ಬಂದವರಿಗೆ ಆಗುವ ಗಾಯವೂ ಗಾಯವೇ. ಸೈನಿಕರನ್ನು ಅಧ್ಯಯನ ಮಾಡಿದವರು ಇದಕ್ಕೆ ನೈತಿಕ ಗಾಯ ಎನ್ನುತ್ತಾರೆ. ಅದರಲ್ಲಿ ಭಯಕ್ಕಿಂತ ನಾಚಿಕೆ, ಅಪರಾಧಿ ಭಾವ ಹೆಚ್ಚು, ಅದಕ್ಕೇ ಬಾಯಿ ಬಿಡುವುದು ಇನ್ನೂ ಕಷ್ಟ.

ರಾತ್ರಿ, ಬೇಸರ, ನಿದ್ದೆ

ಗಾರ್ಡ್ ಕೆಲಸದ ಬಹುಪಾಲು ಏನೂ ನಡೆಯದಿರುವುದು. ಗಂಟೆಗಟ್ಟಲೆ ಬೇಸರ, ನಡುವೆ ಎಲ್ಲಿಂದಲೋ ಎರಡು ನಿಮಿಷದ ಗಂಡಾಂತರ. ಬ್ರಿಟಿಷ್ ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್ ರೇಡಾರ್ ಕಾಯುವಂಥ ಕೆಲಸದ ಬಗ್ಗೆ ನಡೆಸಿ 1948ರಲ್ಲಿ ಪ್ರಕಟಿಸಿದ ಪ್ರಯೋಗಗಳು, ಅಪರೂಪಕ್ಕೆ ಬರುವ ಸೂಚನೆಗಾಗಿ ಎವೆಯಿಕ್ಕದೆ ಕಾಯುವ ಸಾಮರ್ಥ್ಯ ಮೊದಲ ಅರ್ಧ ಗಂಟೆಯಲ್ಲೇ ಇಳಿಯುತ್ತದೆ ಎಂದು ತೋರಿಸಿದವು. ಹನ್ನೆರಡು ಗಂಟೆಯ ಶಿಫ್ಟ್‌ನಲ್ಲಿ ಒಬ್ಬರು ಏನನ್ನೋ ಗಮನಿಸದೆ ಬಿಟ್ಟರು ಎಂದು ಮೆಮೊ ಕೊಡುವವರು ಇದನ್ನು ಓದಬೇಕು.

ರಾತ್ರಿ ಪಾಳಿ ಇದರ ಮೇಲೆ ತನ್ನ ಭಾರ ಹೇರುತ್ತದೆ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ ರಕ್ತದಲ್ಲಿ 0.05% ಮದ್ಯವಿದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ರಿಲೀವರ್ ಬರಲಿಲ್ಲವೆಂದು ಡಬಲ್ ಡ್ಯೂಟಿ ಮಾಡುವವರು ಈ ಗಡಿಯನ್ನು ಸಲೀಸಾಗಿ ದಾಟುತ್ತಾರೆ. ದಣಿದ ಮಿದುಳು ಎದುರಿನವರ ಮುಖಭಾವವನ್ನು ತಪ್ಪಾಗಿ ಓದುತ್ತದೆ, ಬೇಗ ರೇಗುತ್ತದೆ, ಮಾತಿನಲ್ಲಿ ಮುಗಿಯಬೇಕಾದ್ದು ಕೈಗೆ ಬರುತ್ತದೆ. ಅಷ್ಟೇ ಅಲ್ಲ, ಕೆಟ್ಟ ಅನುಭವದ ನೆನಪಿನ ಮೊನಚು ಕಡಿಮೆಯಾಗಲು ನಿದ್ದೆ ಬೇಕು, ಅದರಲ್ಲೂ ಕನಸಿನ ನಿದ್ದೆ. ಹಗಲು ಹೊತ್ತು ಗದ್ದಲದ ನಡುವೆ ತುಂಡು ತುಂಡಾಗಿ ಮಲಗುವವರಿಗೆ ಅದೇ ಸರಿಯಾಗಿ ಸಿಗದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರಾತ್ರಿ ಪಾಳಿಯನ್ನು ಕ್ಯಾನ್ಸರ್‌ಗೆ ಬಹುಶಃ ಕಾರಣವಾಗಬಲ್ಲದ್ದು ಎಂಬ ವರ್ಗಕ್ಕೆ 2007ರಲ್ಲೇ ಸೇರಿಸಿ, 2019ರಲ್ಲಿ ಮತ್ತೆ ಪರಿಶೀಲಿಸಿ ಅದನ್ನೇ ಉಳಿಸಿತು.

ದೂರು ಯಾರಿಗೆ ಕೊಡಬೇಕು?

ಗಾರ್ಡ್‌ಗೆ ಸಂಬಳ ಕೊಡುವುದು ಏಜೆನ್ಸಿ. ಅವರು ನಿಲ್ಲುವುದು ಇನ್ನೊಂದು ಸಂಸ್ಥೆಯ ಗೇಟಿನಲ್ಲಿ. ಹೊಡೆದವರು ಆ ಸಂಸ್ಥೆಯ ಗಿರಾಕಿ, ಕೆಲವೊಮ್ಮೆ ಅದರ ಅಧಿಕಾರಿಯೇ. ಗೇಟಿನ ಬೆಳಕು, ಬೇಲಿ, ಸರತಿ ಸಾಲಿನ ವ್ಯವಸ್ಥೆ ಯಾವುದನ್ನೂ ಬದಲಿಸುವ ಹಕ್ಕು ಏಜೆನ್ಸಿಗಿಲ್ಲ, ಬದಲಿಸಬಲ್ಲ ಸಂಸ್ಥೆಗೆ "ಅವರು ನಮ್ಮ ನೌಕರರಲ್ಲ." ಈ ತ್ರಿಕೋನದ ನಡುವೆ ಹೊಣೆ ಜಾರಿ ಬೀಳುತ್ತದೆ.

ಗಾರ್ಡ್ ದೂರು ಕೊಟ್ಟರೆ ಏನಾಗುತ್ತದೆ ಎಂಬುದನ್ನು ಏಜೆನ್ಸಿಯ ಕಡೆಯಿಂದ ನೋಡಿ. ಗುತ್ತಿಗೆ ನವೀಕರಣ ಹತ್ತಿರದಲ್ಲಿದೆ, ಗಿರಾಕಿ ಸಂಸ್ಥೆಯನ್ನು ಮುಜುಗರಕ್ಕೆ ಸಿಕ್ಕಿಸುವುದು ಯಾರಿಗೂ ಬೇಡ. ಸುಲಭದ ಪರಿಹಾರ ಗಾರ್ಡ್‌ನ ಪೋಸ್ಟ್ ಬದಲಿಸುವುದು. ಮನೆಗೆ ಇನ್ನೂ ದೂರದ ಜಾಗ, ಓವರ್‌ಟೈಮ್ ಇಲ್ಲದ ಜಾಗ. ಇದನ್ನು ಶಿಕ್ಷೆ ಎಂದು ಯಾರೂ ಕರೆಯುವುದಿಲ್ಲ. ಆದರೆ ಅದನ್ನು ನೋಡಿದ ಉಳಿದ ಗಾರ್ಡ್‌ಗಳು ಪಾಠ ಕಲಿಯುತ್ತಾರೆ, ಮುಂದಿನ ಏಟು ರಿಜಿಸ್ಟರ್‌ಗೆ ಹತ್ತುವುದಿಲ್ಲ. ಕೊನೆಗೆ ವರ್ಷಾಂತ್ಯದ ವರದಿಯಲ್ಲಿ "ಘಟನೆಗಳು: ಶೂನ್ಯ" ಎಂದಿರುತ್ತದೆ, ಏನೂ ಬದಲಿಸಬೇಕಾದ ಅಗತ್ಯವಿಲ್ಲ ಎಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ.

ಇದು ಗಾರ್ಡ್‌ಗಳಿಗಷ್ಟೇ ಸೀಮಿತವಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಬ್ರಿಟನ್ನಿನ ಲಾಯ್ಡ್ಸ್ ರಿಜಿಸ್ಟರ್ ಫೌಂಡೇಶನ್ ಮತ್ತು ಸಮೀಕ್ಷಾ ಸಂಸ್ಥೆ ಗ್ಯಾಲಪ್ ಸೇರಿ 2021ರಲ್ಲಿ ನಡೆಸಿದ ಜಾಗತಿಕ ಸಮೀಕ್ಷೆಯಲ್ಲಿ ದುಡಿಯುವವರ ಪೈಕಿ 22.8% ಜನ ಕೆಲಸದಲ್ಲಿ ಒಂದಲ್ಲ ಒಂದು ಬಗೆಯ ಹಿಂಸೆ, ಕಿರುಕುಳ ಅನುಭವಿಸಿದ್ದರು. ಅವರಲ್ಲಿ ಅದನ್ನು ಯಾರ ಬಳಿಯಾದರೂ ಹೇಳಿಕೊಂಡವರು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಹೇಳದವರು ಕೊಟ್ಟ ಮುಖ್ಯ ಕಾರಣಗಳಲ್ಲಿ ಒಂದು, ಹೇಳಿ ಪ್ರಯೋಜನವಿಲ್ಲ ಎಂಬುದು. ಇನ್ನೊಂದು, ಮರ್ಯಾದೆ ಹೋಗುತ್ತದೆ ಎಂಬುದು. "ಗಾರ್ಡ್ ಆಗಿ ನೀನೇ ಏಟು ತಿಂದು ಬಂದ್ಯಾ?" ಎಂಬ ಮಾತು ಕಾದಿರುವ ವೃತ್ತಿಯಲ್ಲಿ ಈ ಎರಡನೆಯ ಕಾರಣಕ್ಕೆ ಎಷ್ಟು ಭಾರ ಇರಬಹುದು ಊಹಿಸಿ.

ಏನು ಮಾಡಬಹುದು, ಏನು ಸಾಲದು

ಸಂಸ್ಥೆಗಳಿಗೆ ಮೊದಲು ಹೊಳೆಯುವುದು ತರಬೇತಿ. ಒಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ಸಿಟ್ಟಾದವರ ಜೊತೆ ಹೇಗೆ ಮಾತಾಡಬೇಕು, ಒತ್ತಡವನ್ನು ಹೇಗೆ ನಿಭಾಯಿಸಬೇಕು ಎಂದು ಹೇಳಿಕೊಡುವುದು. ಮಾಡಬಾರದೆಂದಲ್ಲ. ಆದರೆ ಆರೋಗ್ಯ ಸಿಬ್ಬಂದಿಗೆ ಕೊಟ್ಟ ಇಂಥ ತರಬೇತಿಗಳನ್ನೆಲ್ಲ ಒಟ್ಟು ಮಾಡಿ ನೋಡಿದ, ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ಪರಿಶೀಲನೆ, ತಿಳಿವಳಿಕೆಯೂ ಧೈರ್ಯವೂ ಹೆಚ್ಚಬಹುದು, ಆದರೆ ಅವರ ಮೇಲಾಗುವ ಆಕ್ರಮಣದ ಸಂಖ್ಯೆ ಅದರಿಂದ ಇಳಿಯದಿರಬಹುದು ಎಂದಿತು. ಸೋರುವ ಮಾಡಿನ ಕೆಳಗೆ ಕೂತವರಿಗೆ ಕೊಡೆ ಹಿಡಿಯುವ ಕ್ರಮ ಕಲಿಸಿದಂತೆ ಇದು. ಉಸಿರಾಟದ ವ್ಯಾಯಾಮದ ಶಿಬಿರಗಳ ಬಗ್ಗೆಯೂ ನನ್ನದು ಇದೇ ತಕರಾರು.

ಆ ಸೋರುವ ಮಾಡನ್ನು ಸರಿಪಡಿಸುವುದೆಂದರೆ ಪೋಸ್ಟನ್ನೇ ಬೇರೆ ಥರ ಕಟ್ಟುವುದು. ಜಗಳ ಹುಟ್ಟಿಸುವ ನಿಯಮಗಳಲ್ಲಿ ಯಾವುದು ನಿಜಕ್ಕೂ ಬೇಕು ಎಂದು ಮೊದಲು ಕೇಳಬೇಕು. ಬೇಕಾದ್ದನ್ನು ಎಲ್ಲರಿಗೂ ಕಾಣುವಂತೆ ಬರೆದು, ಕೆಳಗೆ ಅದನ್ನು ಮಾಡಿದ ಅಧಿಕಾರಿಯ ಹುದ್ದೆ, ಫೋನ್ ನಂಬರ್ ಹಾಕಬೇಕು. ಆಸ್ಪತ್ರೆಯಾದರೆ ಹೊರಗೆ ಕಾಯುವವರಿಗೆ ಆಗಾಗ ಮಾಹಿತಿ ಹೇಳಲು ಒಬ್ಬರನ್ನು ನೇಮಿಸಬೇಕು, ಗಾರ್ಡ್‌ಗಳ ಸಂಖ್ಯೆ ಹೆಚ್ಚಿಸುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ನಂಬಿಕೆ. ರಾತ್ರಿ ಒಬ್ಬರನ್ನೇ ನಿಲ್ಲಿಸಬಾರದು. ಹಿಂದೆ ಸರಿಯಲು ದಾರಿ, ಬೆಳಕು, ಕೂರಲು ಕುರ್ಚಿ, ಹತ್ತಿರದಲ್ಲೇ ಶೌಚಾಲಯ ಇರಬೇಕು. ಅಪಾಯದ ಗುಂಡಿ ಒತ್ತಿದರೆ ಆ ಕಡೆ ನಿಜವಾಗಿ ಯಾರಾದರೂ ಎತ್ತಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಾಣಕ್ಕೆ ಅಪಾಯ ಕಂಡರೆ ಹಿಂದೆ ಸರಿಯಬಹುದು, ಅದಕ್ಕಾಗಿ ಕೆಲಸ ಹೋಗುವುದಿಲ್ಲ ಎಂದು ಬರೆದು ಕೊಡಬೇಕು. ಕದ್ದ ಮಾಲಿಗಿಂತ ಕಾಯುವವರ ಜೀವ ದೊಡ್ಡದು ಎಂಬುದನ್ನು ಗಾರ್ಡ್ ತಾವಾಗಿ ಊಹಿಸಿಕೊಳ್ಳಬೇಕಾಗಿ ಬರಬಾರದು.

ಹಲ್ಲೆ ನಡೆದೇ ಬಿಟ್ಟರೆ ಮೊದಲ ಗಂಟೆಯಲ್ಲಿ ಮಾಡಬೇಕಾದ್ದು ಕಷ್ಟದ್ದೇನಲ್ಲ. ಪೋಸ್ಟ್‌ಗೆ ಬೇರೆಯವರನ್ನು ಹಾಕಿ ಅವರನ್ನು ಅಲ್ಲಿಂದ ಕರೆದೊಯ್ಯುವುದು, ಗಾಯ ನೋಡಿಸುವುದು, ಮನೆಯವರಿಗೆ ತಿಳಿಸುವುದು, ಒಬ್ಬರನ್ನೇ ಮನೆಗೆ ಕಳಿಸದಿರುವುದು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಮಾರ್ಗದರ್ಶಿ ಹೇಳುವುದೂ ಇಂಥದ್ದನ್ನೇ: ಏನು ಬೇಕೆಂದು ನೋಡು, ಅವರು ಹೇಳಿದ್ದನ್ನು ಕೇಳು, ಬೇಕಾದ ನೆರವಿನ ಜೊತೆ ಜೋಡಿಸು. "ನೀನೇನು ಅಂದೆ? ನೀನೇ ಮೊದಲು ಕೈ ಮಾಡಿದ್ಯಾ?" ಎಂಬ ವಿಚಾರಣೆ ಆಮೇಲೆ ನಡೆಯಲಿ.

ಮಾಡಬಾರದ್ದೂ ಇದೆ. ಘಟನೆಯಾದ ಒಂದೆರಡು ದಿನದೊಳಗೆ ಎಲ್ಲರನ್ನೂ ಕಡ್ಡಾಯವಾಗಿ ಕೂರಿಸಿ ನಡೆದದ್ದನ್ನು ಎಳೆ ಎಳೆಯಾಗಿ ಹೇಳಿಸುವ ಪದ್ಧತಿ ಒಂದು ಕಾಲಕ್ಕೆ ಬಹಳ ಚಾಲ್ತಿಯಲ್ಲಿತ್ತು. ಅದರಿಂದ ಪಿಟಿಎಸ್‌ಡಿ ತಡೆಯಲಾಗುವುದಿಲ್ಲ, ಕೆಲವರಿಗೆ ಕೆಡುಕೂ ಆಗಬಹುದು ಎಂದು ಅಧ್ಯಯನಗಳು ತೋರಿಸಿದ ಮೇಲೆ ಅದನ್ನು ಈಗ ಶಿಫಾರಸು ಮಾಡುವುದಿಲ್ಲ. ಹೇಳಿಕೊಳ್ಳಬೇಕೆನಿಸಿದವರಿಗೆ ಕೇಳುವ ಕಿವಿ ಇರಬೇಕು, ಬಾಯಿ ಬಿಡಿಸಬಾರದು. ಮೊದಲ ತಿಂಗಳಲ್ಲಿ ಆಘಾತದ ಲಕ್ಷಣಗಳಿಗೆಂದು ಆತಂಕ ಇಳಿಸಿ ನಿದ್ದೆ ಬರಿಸುವ ಬೆಂಜೋಡಯಜೆಪಿನ್ ವರ್ಗದ ಮಾತ್ರೆ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹೇಳಿದೆ. ಅಂಗಡಿಯಿಂದ ತಾವೇ ತಂದ ನಿದ್ದೆ ಮಾತ್ರೆ, ಅದರ ಜೊತೆ ಮದ್ಯ, ಎರಡೂ ಸೇರಿದರೆ ಪ್ರಾಣಕ್ಕೇ ಅಪಾಯ.

ತಿಂಗಳು ಕಳೆದರೂ ದುಃಸ್ವಪ್ನ, ಬೆಚ್ಚಿಬೀಳುವುದು, ರೇಗುವುದು ಇಳಿಯದಿದ್ದರೆ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಬೇಕು. ಆಘಾತವನ್ನೇ ಕೇಂದ್ರವಾಗಿಟ್ಟುಕೊಂಡ ಅರಿವು ಮತ್ತು ವರ್ತನೆಯ ಚಿಕಿತ್ಸೆ, ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್ ಚಿಕಿತ್ಸೆ ಎರಡಕ್ಕೂ ಒಳ್ಳೆಯ ಪುರಾವೆ ಇದೆ. ಬದುಕೇ ಬೇಡ ಎಂಬ ಮಾತು, ತಾನು ಎಲ್ಲರಿಗೂ ಭಾರ ಎಂಬ ಮಾತು ಬಂದರೆ ತಿಂಗಳು ಕಾಯುವ ಪ್ರಶ್ನೆಯೇ ಇಲ್ಲ, ಅಂದೇ ಕರೆದೊಯ್ಯಬೇಕು. ಬಂದೂಕು ಹಿಡಿದು ಕೆಲಸ ಮಾಡುವ ಗಾರ್ಡ್ ಆಗಿದ್ದರೆ ಅದನ್ನು ತಕ್ಷಣ ಅವರ ಕೈಯಿಂದ ದೂರ ಇಡಬೇಕು. ಸಾಧನ ಕೈಗೆ ಸಿಗದಂತೆ ಮಾಡುವುದು ಆತ್ಮಹತ್ಯೆ ತಡೆಯುವ ಅತಿ ಖಚಿತ ದಾರಿಗಳಲ್ಲೊಂದು. ಅದನ್ನು ಸಂಬಳ ಕಡಿತವಿಲ್ಲದ ಬೇರೆ ಡ್ಯೂಟಿ ಕೊಟ್ಟು ಮಾಡಬೇಕು, ಇಲ್ಲದಿದ್ದರೆ ಯಾರೂ ತಮ್ಮ ಸ್ಥಿತಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಕೆಲಸಕ್ಕೆ ಮರಳುವಾಗ ಅದೇ ಗೇಟಿಗೆ ಹೋಗಬೇಕೇ ಬೇಡವೇ ಎಂಬುದಕ್ಕೆ ಎಲ್ಲರಿಗೂ ಹೊಂದುವ ಉತ್ತರವಿಲ್ಲ. ಕೆಲವರಿಗೆ ಅಲ್ಲಿಗೇ ಮರಳಿದರೆ ಧೈರ್ಯ ಬರುತ್ತದೆ, ಕೆಲವರಿಗೆ ಆ ಜಾಗದ ನೆರಳೂ ಬೇಡ. ಅವರನ್ನೇ ಕೇಳುವುದು ಸರಿಯಾದ ಕ್ರಮ, ಮೊದಲ ಕೆಲವು ದಿನ ಹಗಲು ಪಾಳಿ, ಜೊತೆಗೊಬ್ಬರು. ಎಲ್ಲರೂ ಮರೆಯುವ ಇನ್ನೊಂದು ದಿನ ಇದೆ: ಪ್ರಕರಣ ದಾಖಲಾಗಿದ್ದರೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳ ನಂತರ ನ್ಯಾಯಾಲಯದಿಂದ ಸಾಕ್ಷಿ ಹೇಳಲು ಕರೆ ಬರುತ್ತದೆ. ಹೊಡೆದವರ ಎದುರಿಗೇ ನಿಂತು ಎಲ್ಲವನ್ನೂ ಮೊದಲಿನಿಂದ ಹೇಳಬೇಕು, ವಿಡಿಯೊ ಮತ್ತೆ ನೋಡಬೇಕು. ಆರಿದ್ದ ಲಕ್ಷಣಗಳು ಆ ವಾರ ಮತ್ತೆ ತಲೆಯೆತ್ತುವುದು ಸಾಮಾನ್ಯ. ಆ ದಿನವನ್ನು ಡ್ಯೂಟಿ ಎಂದೇ ಎಣಿಸಿ ಸಂಬಳ ಕೊಡುವುದು, ಜೊತೆಗೆ ಏಜೆನ್ಸಿಯಿಂದ ಒಬ್ಬರು ಹೋಗುವುದು, ಅಂದಿನ ರಾತ್ರಿ ಪಾಳಿಗೆ ಬೇರೆಯವರನ್ನು ಹಾಕುವುದು, ಈ ಮೂರನ್ನೂ ಗುತ್ತಿಗೆಯ ಕರಾರಿನಲ್ಲೇ ಬರೆದಿಡಬಹುದು.